ರಬ್ಬರ್ ಒಗ್ಗದವರೂ ಇದ್ದಾರೆ

ಆಸ್ಪತ್ರೆಯಲ್ಲಿ ಹೊಸದಾಗಿ ಹೆಸರು ಬರೆಸಿದಾಗ ಕೇಳುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಸಕ್ಕರೆ ಕಾಯಿಲೆ ಇದೆಯೇ? ಬಿ.ಪಿ. ಇದೆಯೇ? ಉಬ್ಬಸ ಇದೆಯೇ? ಪೆನಿಸಿಲಿನ್, ಸಲ್ಫಾ ಆಗುತ್ತದೆಯೇ? ಹಿಂದೆ ಯಾವುದಾದರೂ ಆಪರೇಷನ್ ಆಗಿದೆಯೇ? ಇಷ್ಟನ್ನು ಕೇಳಿ ಬರೆದುಕೊಂಡ ಮೇಲೆ, ಕೈಗೆ ರಬ್ಬರ್ ಗವಸು ಏರಿಸಿಕೊಂಡು ನಿಮ್ಮನ್ನು ಪರೀಕ್ಷಿಸಲು ತೊಡಗುತ್ತಾರೆ. ಆದರೆ ಆ ಗವಸು ಹಾಕುವ ಮುನ್ನ 'ರಬ್ಬರ್ ನಿಮಗೆ ಆಗುತ್ತದೆಯೇ?' ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ನಿಮ್ಮ ಮನೆಯವರನ್ನೂ ಒಮ್ಮೆ ಕೇಳಿ ನೋಡಿ. ಹೆಚ್ಚಿನವರು ಇಲ್ಲವೆಂದೇ ಹೇಳುತ್ತಾರೆ.

ಇದು ಕ್ಷುಲ್ಲಕ ಪ್ರಶ್ನೆಯಲ್ಲ. ರಬ್ಬರ್ ಮರದ ಹಾಲಿನಿಂದ ಮಾಡಿದ ಗವಸು, ಬಲೂನು, ನಳಿಕೆಗಳು ಬಹುಪಾಲು ಜನರಿಗೆ ಏನೂ ಮಾಡುವುದಿಲ್ಲ. ಆದರೆ ಕೆಲವರಿಗೆ ಅವು ತುರಿಕೆ ತರುತ್ತವೆ, ಕೆಲವರಿಗೆ ಉಬ್ಬಸ ತರುತ್ತವೆ. ಅಪರೂಪಕ್ಕೊಮ್ಮೆ ಆಪರೇಷನ್ ಟೇಬಲ್ ಮೇಲೆಯೇ ರೋಗಿಯ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ ಬರುವುದೂ ಉಂಟು. ಇದಕ್ಕೆ ಲೇಟೆಕ್ಸ್ ಅಲರ್ಜಿ ಎಂದು ಹೆಸರು. ಇಂಥವರಲ್ಲಿ ಅನೇಕರಿಗೆ ದೇಹ ಮೊದಲೇ ಸೂಚನೆ ಕೊಟ್ಟಿರುತ್ತದೆ. ಬಲೂನು ಊದಿದಾಗ ತುಟಿ ಊದಿಕೊಂಡಿದ್ದು, ಹಲ್ಲಿನ ಡಾಕ್ಟರ ಬಳಿ ಹೋಗಿ ಬಂದ ಮೇಲೆ ಬಾಯಿಯ ಸುತ್ತ ದದ್ದು ಎದ್ದಿದ್ದು, ಇವೆಲ್ಲ ನಡೆದಿರುತ್ತವೆ. ಯಾರೂ ಕೇಳಿರುವುದಿಲ್ಲ, ಅವರೂ ಹೇಳಿರುವುದಿಲ್ಲ.

ಈ ಒಂದು ಪ್ರಶ್ನೆ ಪ್ರತಿ ಆಸ್ಪತ್ರೆಯ ಕೇಸ್ ಶೀಟಿನಲ್ಲೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ಅದು ಬರುವವರೆಗೆ, ಕೇಳದಿದ್ದರೂ ನೀವೇ ಹೇಳುವುದನ್ನು ಕಲಿಯಬೇಕು. ಹೇಳಬೇಕಾದರೆ ಮೊದಲು ಗುರುತಿಸಲು ಬರಬೇಕು.

ರಬ್ಬರ್ ಹಾಲಿನಲ್ಲಿ ಏನಿದೆ?

ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ರಬ್ಬರ್ ತೋಟದ ಪರಿಚಯ ಮಾಡಿಕೊಡಬೇಕಿಲ್ಲ. ಬೆಳಗಿನ ಜಾವ ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಚಿಪ್ಪಿಗೆ ತೊಟ್ಟಿಕ್ಕುವ ಬಿಳಿ ಹಾಲೇ ಲೇಟೆಕ್ಸ್. ಮರದ ಶಾಸ್ತ್ರೀಯ ಹೆಸರು ಹೀವಿಯಾ ಬ್ರಾಸಿಲಿಯೆನ್ಸಿಸ್, ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಈ ಹಾಲಿನಲ್ಲಿ ರಬ್ಬರ್ ಅಲ್ಲದೆ ಮರ ತನ್ನ ರಕ್ಷಣೆಗೆಂದು ತಯಾರಿಸಿಕೊಂಡ ಹಲವು ಬಗೆಯ ಪ್ರೋಟೀನುಗಳೂ ಇರುತ್ತವೆ. ಅಲರ್ಜಿ ಬರುವುದು ರಬ್ಬರಿನಿಂದಲ್ಲ, ಈ ಪ್ರೋಟೀನುಗಳಿಂದ.

ಗೇರುಬೀಜದ ಸೊನೆ ಯಾರ ಚರ್ಮಕ್ಕೆ ತಾಗಿದರೂ ಸುಡುತ್ತದೆ. ರಬ್ಬರ್ ಹಾಲು ಹಾಗಲ್ಲ. ಅದು ಸಾವಿರ ಸಲ ತಾಗಿದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಈ ಪ್ರೋಟೀನನ್ನು ಶತ್ರು ಎಂದು ತಪ್ಪಾಗಿ ತಿಳಿದು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಪ್ರೋಟೀನು ಮೈಗೆ ತಾಗಿದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗಿ ತುರಿಕೆ, ಊತ, ಉಬ್ಬಸ ಕಾಣಿಸುತ್ತವೆ. ಆದ್ದರಿಂದಲೇ 'ಹತ್ತು ವರ್ಷದಿಂದ ಇದೇ ಗವಸು ಹಾಕುತ್ತಿದ್ದೇನೆ, ಈಗೇಕೆ ಆಗಬೇಕು?' ಎಂಬ ಮಾತಿಗೆ ಅರ್ಥವಿಲ್ಲ. ಅಲರ್ಜಿ ಬರುವುದೇ ಮತ್ತೆ ಮತ್ತೆ ತಾಗಿದ ಮೇಲೆ.

ಎಲ್ಲ ರಬ್ಬರ್ ವಸ್ತುಗಳೂ ಒಂದೇ ಸಮನಾಗಿ ಅಪಾಯಕಾರಿಯಲ್ಲ. ಅಚ್ಚನ್ನು ರಬ್ಬರ್ ಹಾಲಿನಲ್ಲಿ ಅದ್ದಿ ತೆಗೆದು ಮಾಡುವ ತೆಳುವಾದ, ಹಿಗ್ಗುವ ಸಾಮಾನುಗಳಲ್ಲಿ ಈ ಪ್ರೋಟೀನು ಹೆಚ್ಚು. ಆಸ್ಪತ್ರೆಯ ಗವಸು, ಬಲೂನು, ನಿರೋಧ್, ಮೂತ್ರಕ್ಕೆ ಹಾಕುವ ಕೆಲವು ನಳಿಕೆಗಳು ಈ ಗುಂಪಿಗೆ ಸೇರುತ್ತವೆ. ಗಟ್ಟಿ ರಬ್ಬರಿನಿಂದ ಹೆಚ್ಚು ಶಾಖದಲ್ಲಿ ಎರಕ ಹೊಯ್ದ ಟೈರು, ಬೂಟಿನ ಅಟ್ಟೆ ಮೊದಲಾದವುಗಳಲ್ಲಿ ಬಹಳ ಕಡಿಮೆ. ಗೋಡೆಗೆ ಬಳಿಯುವ 'ಲೇಟೆಕ್ಸ್ ಪೇಂಟ್'ನಲ್ಲಿ ಹೆಸರು ಬಿಟ್ಟರೆ ರಬ್ಬರ್ ಹಾಲು ಇಲ್ಲವೇ ಇಲ್ಲ. ಅದು ಕೃತಕ ವಸ್ತು. ಮನೆಗೆ ಬಣ್ಣ ಹೊಡೆಸಲು ಹೆದರಬೇಕಾಗಿಲ್ಲ.

ಮೂರು ಬಗೆಯ ತೊಂದರೆ

ಗವಸು ಹಾಕಿ ಕೈ ತುರಿಸಿದವರೆಲ್ಲರಿಗೂ ಲೇಟೆಕ್ಸ್ ಅಲರ್ಜಿ ಇದೆಯೆಂದಲ್ಲ. ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಅವುಗಳನ್ನು ಒಂದಕ್ಕೊಂದು ಬೆರೆಸಬಾರದು.

ಮೊದಲನೆಯದು ಬರೀ ಚರ್ಮದ ಕೆರಳಿಕೆ. ಗವಸಿನೊಳಗೆ ಬೆವರು ನಿಂತು, ಪುಡಿ ಉಜ್ಜಿ, ಸೋಪಿನಿಂದ ಪದೇ ಪದೇ ಕೈ ತೊಳೆದು ಚರ್ಮ ಒಣಗಿ ಬಿರಿಯುತ್ತದೆ. ಇದು ಅಲರ್ಜಿಯಲ್ಲ. ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಕೆಲಸ ಮುಗಿದ ಮೇಲೆ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿಕೊಂಡರೆ ಹತೋಟಿಗೆ ಬರುತ್ತದೆ. ಆದರೆ ರಬ್ಬರ್ ಗವಸು ಹಾಕುವ ಮುಂಚೆ ಎಣ್ಣೆ ಹಚ್ಚಬೇಡಿ, ರಬ್ಬರ್ ಹಾಳಾಗುತ್ತದೆ.

ಎರಡನೆಯದು ರಬ್ಬರ್ ಹದಗೊಳಿಸಲು ಕಾರ್ಖಾನೆಯಲ್ಲಿ ಸೇರಿಸುವ ರಾಸಾಯನಿಕಗಳಿಗೆ ಬರುವ ನಿಧಾನಗತಿಯ ಅಲರ್ಜಿ. ಇದು ಕಾಣಿಸಿಕೊಳ್ಳಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಗವಸು ಮುಗಿಯುವ ಮಣಿಕಟ್ಟಿನವರೆಗೆ ಕೆಂಪಾಗಿ, ಸಣ್ಣ ನೀರುಗುಳ್ಳೆ ಎದ್ದು, ಇಸುಬಿನ ಹಾಗೆ ಕಾಣುತ್ತದೆ. ಹವಾಯಿ ಚಪ್ಪಲಿಯ ಬಾರು ತಾಗುವ ಕಡೆ ಪಾದದ ಮೇಲೆ ಬಾರಿನ ಆಕಾರದಲ್ಲೇ ತುರಿಕೆ ಎದ್ದವರನ್ನು ನೀವು ನೋಡಿರಬಹುದು. ಅದೂ ಇದೇ ಜಾತಿಯದು. ಕೆಲವೊಮ್ಮೆ ರಬ್ಬರಿಗೆ ಸೇರಿಸಿದ ರಾಸಾಯನಿಕದಿಂದ ಬಾರಿನ ಜಾಗದಲ್ಲಿ ಚರ್ಮ ಬೆಳ್ಳಗಾಗುವುದೂ ಉಂಟು. ಅದನ್ನು ಕಂಡು ತೊನ್ನು ಎಂದು ಹೆದರಿ, ಹುಡುಗಿಯ ಮದುವೆ ಮಾತುಕತೆ ನಿಲ್ಲಿಸಿದ ಮನೆಯನ್ನು ನಾನು ಬಲ್ಲೆ. ಇಂಥ ಕಲೆ ಕಂಡಾಗ ಮೊದಲು ಚಪ್ಪಲಿ ಬದಲಾಯಿಸಿ, ಚರ್ಮರೋಗ ತಜ್ಞರಿಗೆ ತೋರಿಸಿ. ಈ ಎರಡನೆಯ ಬಗೆ ಕಿರಿಕಿರಿಯದೇ ಹೊರತು ಪ್ರಾಣಾಪಾಯದ್ದಲ್ಲ.

ಮೂರನೆಯದೇ ನಿಜವಾದ ಲೇಟೆಕ್ಸ್ ಅಲರ್ಜಿ. ಇದು ತಡಮಾಡುವುದಿಲ್ಲ. ತಾಗಿದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಶುರುವಾಗುತ್ತದೆ. ತಾಗಿದ ಜಾಗದಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು, ತುರಿಕೆ; ಕಣ್ಣು ಕೆಂಪಾಗಿ ನೀರು ಸುರಿಯುವುದು, ಸೀನು; ತುಟಿ, ಕಣ್ಣಿನ ರೆಪ್ಪೆ ಊದುವುದು; ಎದೆ ಬಿಗಿದು ಉಬ್ಬಸ. ಇನ್ನೂ ಮುಂದೆ ಹೋದರೆ ಗಂಟಲು ಕಟ್ಟಿ, ತಲೆ ಸುತ್ತಿ, ರಕ್ತದೊತ್ತಡ ಕುಸಿಯುತ್ತದೆ. ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತೇವೆ.

ಎರಡನೆಯ ಬಗೆಗೂ ಮೂರನೆಯ ಬಗೆಗೂ ಇರುವ ವ್ಯತ್ಯಾಸವನ್ನು ಗಡಿಯಾರವೇ ಹೇಳುತ್ತದೆ. ಮರುದಿನ ಕಾಣಿಸಿದರೆ ರಾಸಾಯನಿಕದ ಅನುಮಾನ, ನಿಮಿಷಗಳಲ್ಲಿ ಕಾಣಿಸಿದರೆ ಪ್ರೋಟೀನಿನ ಅನುಮಾನ. ವೈದ್ಯರ ಬಳಿ ಹೋದಾಗ 'ಎಷ್ಟು ಹೊತ್ತಿಗೆ ಶುರುವಾಯಿತು' ಎಂಬುದನ್ನು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಪಿತ್ತದ ಗಂಧೆ ಎಂದು ಸುಮ್ಮನಾಗಬೇಡಿ

ಮೈಮೇಲೆ ದದ್ದು ಎದ್ದರೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರವಿದೆ: 'ಪಿತ್ತ ಜಾಸ್ತಿಯಾಗಿದೆ, ಗಂಧೆ ಎದ್ದಿದೆ.' ಜೀರಿಗೆ ಕಷಾಯ ಕುಡಿಸಿ, ಕಂಬಳಿಯಿಂದ ಮೈ ಉಜ್ಜುತ್ತಾರೆ. ಒಂದೆರಡು ಗಂಟೆಯಲ್ಲಿ ಗಂಧೆ ಇಳಿಯುತ್ತದೆ. ಕಷಾಯದಿಂದ ಇಳಿಯಿತು ಎಂದು ಎಲ್ಲರಿಗೂ ಸಮಾಧಾನ. ಏತಕ್ಕೆ ಎದ್ದಿತು ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಗಂಧೆ ತಾನಾಗಿಯೂ ಇಳಿಯುವಂಥದ್ದು. ಹುಡುಕಬೇಕಾದದ್ದು ಅದರ ಕಾರಣವನ್ನು.

ನನ್ನ ಬಳಿ ಬರುತ್ತಿದ್ದ ಒಬ್ಬ ಗೃಹಿಣಿಗೆ ವರ್ಷಕ್ಕೆ ಒಂದೆರಡು ಸಲ ಮುಖ ಊದಿಕೊಳ್ಳುತ್ತಿತ್ತು. 'ಏನಿಲ್ಲ ಡಾಕ್ಟ್ರೇ, ಹಬ್ಬದ ಊಟ, ಕರಿದದ್ದು ತಿಂದರೆ ಹೀಗಾಗುತ್ತೆ' ಎನ್ನುತ್ತಿದ್ದರು. ದಿನಾಂಕ ಬರೆದಿಡಿ ಎಂದೆ. ಬರೆದಾಗ ಕಂಡದ್ದು ಹಬ್ಬವಲ್ಲ, ಇಬ್ಬರು ಮಕ್ಕಳ ಹುಟ್ಟುಹಬ್ಬ. ಪ್ರತಿ ವರ್ಷವೂ ಬಲೂನು ಊದುವ ಕೆಲಸ ಆಕೆಯದೇ. ಪರೀಕ್ಷೆ ಮಾಡಿಸಿದಾಗ ಲೇಟೆಕ್ಸ್ ಅಲರ್ಜಿ ಖಚಿತವಾಯಿತು. ಮುಂದೆ ಆಕೆಗೆ ಗರ್ಭಕೋಶದ ಆಪರೇಷನ್ ಬೇಕಾದಾಗ ಆ ವಿವರವನ್ನು ಮೊದಲೇ ತಿಳಿಸಿದ್ದರಿಂದ, ರಬ್ಬರ್ ಗವಸು ಬಳಸದೆಯೇ ಎಲ್ಲವೂ ಸುಗಮವಾಗಿ ನಡೆಯಿತು.

ಈ ಕೆಳಗಿನ ಸಂದರ್ಭಗಳಲ್ಲಿ ರಬ್ಬರಿನ ಮೇಲೆ ಅನುಮಾನವಿರಲಿ: ಬಲೂನು ಊದಿದಾಗ ಅಥವಾ ಬಲೂನಿನ ಜೊತೆ ಆಡಿದ ಮೇಲೆ ತುಟಿ, ಮುಖ ಊದಿದರೆ; ಹಲ್ಲಿನ ಚಿಕಿತ್ಸೆ ಅಥವಾ ಹೆಂಗಸರ ಒಳಪರೀಕ್ಷೆಯ ನಂತರ ಆ ಜಾಗದಲ್ಲಿ ತುರಿಕೆ, ಊತ ಕಂಡರೆ; ಪಾತ್ರೆ ತೊಳೆಯಲು ಗವಸು ಹಾಕಿದೊಡನೆ ದದ್ದು ಎದ್ದರೆ; ನಿರೋಧ್ ಬಳಸಿದ ಮೇಲೆ ದಂಪತಿಗಳಲ್ಲಿ ಯಾರಿಗಾದರೂ ತುರಿಕೆ, ಊತ ಬಂದರೆ; ಕೆಲಸದ ಜಾಗದಲ್ಲಿ ಸೀನು, ಉಬ್ಬಸವಿದ್ದು ರಜೆಯ ದಿನ ಕಡಿಮೆಯಾದರೆ; ಹಿಂದಿನ ಆಪರೇಷನ್ ವೇಳೆ ಕಾರಣ ತಿಳಿಯದೆ ಬಿ.ಪಿ. ಕುಸಿದಿದ್ದರೆ. ದಂಪತಿಗಳ ವಿಷಯ ಹೇಳಲು ಸಂಕೋಚಪಡಬೇಡಿ. ಕೃತಕ ವಸ್ತುಗಳಿಂದ ತಯಾರಿಸಿದ ನಿರೋಧ್‌ಗಳೂ ಇವೆ.

ಬಾಳೆಹಣ್ಣಿಗೂ ಬಲೂನಿಗೂ ಏನು ನಂಟು?

ರಬ್ಬರ್ ಮರ ತನ್ನನ್ನು ಬೂಷ್ಟಿನಿಂದ ಕಾಪಾಡಿಕೊಳ್ಳಲು ತಯಾರಿಸುವ ಪ್ರೋಟೀನನ್ನೇ ಹೋಲುವ ಪ್ರೋಟೀನುಗಳು ಕೆಲವು ಹಣ್ಣುಗಳಲ್ಲೂ ಇವೆ. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು, ಚೆಸ್ಟ್‌ನಟ್ ಇವುಗಳಲ್ಲಿ ಮುಖ್ಯವಾದವು. ಪರಂಗಿ, ಅಂಜೂರ, ಮಾವು, ಟೊಮೆಟೊಗಳ ಹೆಸರೂ ಪಟ್ಟಿಯಲ್ಲಿದೆ. ರಬ್ಬರಿಗೆ ಸಿದ್ಧವಾಗಿ ನಿಂತ ಪ್ರತಿಕಾಯಕ್ಕೆ ಇವೂ ಅದೇ ಶತ್ರುವಿನಂತೆ ಕಾಣುತ್ತವೆ. ಸ್ಪೇನಿನ ವೈದ್ಯರು 1994ರಲ್ಲಿ ಇದನ್ನು ವಿವರವಾಗಿ ವರ್ಣಿಸಿ 'ಲೇಟೆಕ್ಸ್-ಹಣ್ಣಿನ ಲಕ್ಷಣಕೂಟ' ಎಂದು ಕರೆದರು. ಲೇಟೆಕ್ಸ್ ಅಲರ್ಜಿ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರಿಗೆ ಇಂಥ ಯಾವುದಾದರೊಂದು ಹಣ್ಣು ಒಗ್ಗುವುದಿಲ್ಲ.

ಆದ್ದರಿಂದ 'ಬಾಳೆಹಣ್ಣು ತಿಂದರೆ ನಾಲಿಗೆ, ಗಂಟಲು ತುರಿಸುತ್ತದೆ' ಎನ್ನುವ ಮಗುವನ್ನು ಹಟಮಾರಿ ಎಂದು ಗದರಬೇಡಿ. ಪೂಜೆಯ ಪ್ರಸಾದವೆಂದು ಒತ್ತಾಯ ಮಾಡಿ ತಿನ್ನಿಸಲೂಬೇಡಿ. ಹಾಗೆಂದು ಇದನ್ನು ಓದಿ ಮನೆಯಲ್ಲಿ ಬಾಳೆಹಣ್ಣನ್ನೇ ನಿಲ್ಲಿಸುವುದೂ ತಪ್ಪು. ತಿಂದು ಏನೂ ಆಗದವರು ನಿಶ್ಚಿಂತೆಯಿಂದ ತಿನ್ನಬಹುದು. ರಬ್ಬರ್ ಅಲರ್ಜಿ ಖಚಿತವಾದವರು ಕೂಡ ತಮಗೆ ತೊಂದರೆ ಕೊಟ್ಟ ಹಣ್ಣನ್ನು ಮಾತ್ರ ಬಿಟ್ಟರೆ ಸಾಕು.

ಯಾರಿಗೆ ಹೆಚ್ಚು?

ಹೆಚ್ಚು ತಾಗುವವರಿಗೆ ಹೆಚ್ಚು. ನರ್ಸುಗಳು, ಶಸ್ತ್ರವೈದ್ಯರು, ದಂತವೈದ್ಯರು, ಪ್ರಯೋಗಾಲಯದವರು, ಆಸ್ಪತ್ರೆಯ ಆಯಾಗಳು ಮೊದಲ ಸಾಲಿನಲ್ಲಿದ್ದಾರೆ. 2016ರಲ್ಲಿ ಪ್ರಕಟವಾದ, ಜಗತ್ತಿನ ಅನೇಕ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಪ್ರಕಾರ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ, ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಈ ಅಲರ್ಜಿ ಇದೆ. ದೇಶದಿಂದ ದೇಶಕ್ಕೆ ಈ ಅಂಕಿ ಏರುಪೇರಾಗುತ್ತದೆ.

ಎರಡನೆಯ ಸಾಲಿನಲ್ಲಿ ಚಿಕ್ಕಂದಿನಿಂದ ಪದೇ ಪದೇ ಆಪರೇಷನ್‌ಗೆ ಒಳಗಾದ ಮಕ್ಕಳಿದ್ದಾರೆ. ಅದರಲ್ಲೂ ಹುಟ್ಟಿನಿಂದಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ ಮಕ್ಕಳಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಆಪರೇಷನ್ ಮೇಲೆ ಆಪರೇಷನ್, ದಿನಕ್ಕೆ ಹಲವು ಬಾರಿ ಮೂತ್ರದ ನಳಿಕೆ. ಇಂಥ ಮಕ್ಕಳಿಗೆ ಮೊದಲ ದಿನದಿಂದಲೇ ರಬ್ಬರ್ ಇಲ್ಲದ ಸಾಮಗ್ರಿ ಬಳಸಬೇಕು. ಉಬ್ಬಸ, ಇಸುಬು, ಧೂಳಿನ ಅಲರ್ಜಿ ಇರುವ ಮೈಯವರು, ರಬ್ಬರ್ ಕಾರ್ಖಾನೆಯ ಕಾರ್ಮಿಕರು, ದಿನವಿಡೀ ಗವಸು ಹಾಕುವ ಬ್ಯೂಟಿ ಪಾರ್ಲರ್ ಮತ್ತು ಹೋಟೆಲ್ ಅಡುಗೆಮನೆಯ ಕೆಲಸಗಾರರೂ ಎಚ್ಚರದಿಂದಿರಬೇಕು. ತೋಟದಲ್ಲಿ ಹಾಲು ತೆಗೆಯುವವರ ಕೈ ತುರಿಕೆಗೆ ಮಾತ್ರ ಎರಡು ಸಲ ಯೋಚಿಸಬೇಕು. ಹಾಲು ಕೆಡದಂತೆ ಹಾಕುವ ಅಮೋನಿಯ, ಶೀಟು ಮಾಡಲು ಹಾಕುವ ಫಾರ್ಮಿಕ್ ಆಮ್ಲ ಎರಡೂ ಚರ್ಮವನ್ನು ಸುಡುವಂಥವು.

ಗವಸಿನ ಪುಡಿಯ ಕಥೆ

ವೈದ್ಯಕೀಯದಲ್ಲಿ ರಬ್ಬರ್ ಗವಸು ಬಂದ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ ಕ್ರಿಮಿನಾಶಕ ದ್ರಾವಣದಿಂದ ಕೈಯ ಚರ್ಮವೆಲ್ಲ ಹುಣ್ಣಾಗುತ್ತಿತ್ತು. ಅವರ ಕೈ ಉಳಿಸಲೆಂದು 1889-90ರ ಸುಮಾರಿಗೆ ಹಾಲ್‌ಸ್ಟೆಡ್ ತೆಳುವಾದ ರಬ್ಬರ್ ಗವಸು ಮಾಡಿಸಿದರು. ಮುಂದೆ ಅವರಿಬ್ಬರೂ ಮದುವೆಯಾದರು. ಚರ್ಮ ಕಾಯಲು ಬಂದ ಗವಸೇ ಒಂದು ಶತಮಾನದ ನಂತರ ಸಾವಿರಾರು ನರ್ಸುಗಳ ಚರ್ಮಕ್ಕೆ ಕುತ್ತಾಯಿತು.

ರಬ್ಬರ್ ಗವಸಿನಿಂದ ತಕ್ಷಣ ಗಂಧೆ ಏಳುವುದನ್ನು 1979ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. ಆಗ ಅದೊಂದು ಅಪರೂಪದ ಸಂಗತಿ. ಏಡ್ಸ್ ಬಂದ ಮೇಲೆ, 1987ರಿಂದ ಪ್ರತಿ ರೋಗಿಗೂ ಗವಸು ಹಾಕಿಯೇ ಮುಟ್ಟಬೇಕೆಂಬ ನಿಯಮ ಬಂತು. ಗವಸಿನ ಬಳಕೆ ಒಮ್ಮೆಲೇ ಏರಿತು, ಅಲರ್ಜಿಯೂ ಏರಿತು. ಕರುಳಿನ ಎಕ್ಸ್‌ರೇಗೆ ಬಳಸುವ ನಳಿಕೆಯ ತುದಿಯ ರಬ್ಬರ್ ಬಲೂನಿನಿಂದ ಅಮೆರಿಕದಲ್ಲಿ ಸಾವುಗಳು ಸಂಭವಿಸಿ, 1991ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ನೀಡಬೇಕಾಯಿತು. 1997ರಲ್ಲಿ ಅದೇ ಸಂಸ್ಥೆ, ರಬ್ಬರ್ ಹಾಲಿನಿಂದ ಮಾಡಿದ ವೈದ್ಯಕೀಯ ಸಾಮಗ್ರಿಗಳ ಮೇಲೆ ಹಾಗೆಂದು ಸ್ಪಷ್ಟವಾಗಿ ಮುದ್ರಿಸಬೇಕೆಂದು ನಿಯಮ ಮಾಡಿತು.

ಇಲ್ಲಿ ನಿಜವಾದ ಖಳನಾಯಕ ಗವಸಿನೊಳಗಿನ ಬಿಳಿ ಪುಡಿ. ಗವಸು ಸಲೀಸಾಗಿ ಜಾರಲೆಂದು ಜೋಳದ ಪಿಷ್ಟದ ಪುಡಿ ಹಾಕಿರುತ್ತಾರೆ. ರಬ್ಬರಿನ ಪ್ರೋಟೀನು ಈ ಪುಡಿಗೆ ಅಂಟಿಕೊಳ್ಳುತ್ತದೆ. ಗವಸನ್ನು ಪಟಾರನೆ ಎಳೆದು ತೆಗೆದಾಗ ಪುಡಿ ಗಾಳಿಯಲ್ಲಿ ತೇಲಿ, ಗವಸು ಹಾಕದವರ ಶ್ವಾಸಕೋಶಕ್ಕೂ ಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಜರ್ಮನಿಯ ಆಸ್ಪತ್ರೆಗಳು ಪುಡಿ ಹಾಕಿದ ರಬ್ಬರ್ ಗವಸನ್ನು ಕೈಬಿಟ್ಟವು. ಅಲ್ಲಿನ ಆರೋಗ್ಯ ಕೆಲಸಗಾರರಲ್ಲಿ ಹೊಸ ಲೇಟೆಕ್ಸ್ ಅಲರ್ಜಿಯ ಪ್ರಕರಣಗಳು ಗಣನೀಯವಾಗಿ ಇಳಿದವು. ಅಮೆರಿಕ 2016ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿ, 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಗವಸುಗಳನ್ನೇ ನಿಷೇಧಿಸಿತು.

ನಮ್ಮ ಎಷ್ಟೋ ದವಾಖಾನೆ, ನರ್ಸಿಂಗ್ ಹೋಮ್‌ಗಳಲ್ಲಿ ಪುಡಿ ಗವಸು ಇಂದಿಗೂ ಬಳಕೆಯಲ್ಲಿದೆ. ಡೆಂಗೆ, ಕ್ಷಯಗಳ ನಡುವೆ ಇದೊಂದು ಶ್ರೀಮಂತ ದೇಶಗಳ ಕಾಯಿಲೆ ಎಂದು ಸಹೋದ್ಯೋಗಿಗಳೇ ಹೇಳುವುದನ್ನು ಕೇಳಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಕೊರೊನಾ ನಂತರ ಗವಸಿನ ಬಳಕೆ ನಮ್ಮಲ್ಲೂ ಬೇಕರಿ, ಸಿಹಿತಿಂಡಿ ಅಂಗಡಿಯವರೆಗೆ ಬಂದಿದೆ. ರಬ್ಬರಿನ ಪ್ರೋಟೀನು ಗವಸಿನಿಂದ ಆಹಾರಕ್ಕೂ ಅಂಟುತ್ತದೆಂದು ಅಮೆರಿಕದ ಕೆಲವು ರಾಜ್ಯಗಳು ಹೋಟೆಲುಗಳಲ್ಲಿ ರಬ್ಬರ್ ಗವಸನ್ನು ನಿಷೇಧಿಸಿವೆ. ಅವರು ಕಷ್ಟಪಟ್ಟು ಕಲಿತ ಪಾಠವನ್ನು ನಾವು ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ.

ಇದು ರಬ್ಬರ್ ಬೆಳೆಗಾರರ ವಿರುದ್ಧದ ಮಾತಲ್ಲ. ರಬ್ಬರ್ ಗವಸು ಕೈಗೆ ಚೆನ್ನಾಗಿ ಹೊಂದುತ್ತದೆ, ಸೋಂಕನ್ನು ಚೆನ್ನಾಗಿ ತಡೆಯುತ್ತದೆ. ಅದು ಇರಲಿ. ಪುಡಿ ಇಲ್ಲದ, ಪ್ರೋಟೀನು ತೊಳೆದು ಕಡಿಮೆ ಮಾಡಿದ ಗವಸಿರಲಿ. ಜೊತೆಗೆ ಒಗ್ಗದವರಿಗಾಗಿ ನೈಟ್ರೈಲ್ ಗವಸಿನ ಪೆಟ್ಟಿಗೆಯೊಂದು ಪ್ರತಿ ದವಾಖಾನೆಯಲ್ಲೂ ಇರಲಿ.

ಪತ್ತೆ ಹೇಗೆ?

ಅರ್ಧ ಪತ್ತೆ ನಿಮ್ಮ ಮಾತಿನಿಂದಲೇ ಆಗುತ್ತದೆ. ಖಚಿತಪಡಿಸಿಕೊಳ್ಳಲು ರಬ್ಬರಿನ ವಿರುದ್ಧದ ಐಜಿಇ ಪ್ರತಿಕಾಯವನ್ನು ಅಳೆಯುವ ರಕ್ತಪರೀಕ್ಷೆ ಇದೆ. ಚರ್ಮದ ಮೇಲೆ ಹನಿ ಹಾಕಿ ಸಣ್ಣಗೆ ಚುಚ್ಚಿ ನೋಡುವ ಪರೀಕ್ಷೆಯೂ ಇದೆ. ತುರ್ತು ಚಿಕಿತ್ಸೆಯ ಸೌಕರ್ಯವಿರುವ ಕಡೆ ಅಲರ್ಜಿ ತಜ್ಞರು ಮಾತ್ರ ಇದನ್ನು ಮಾಡಬೇಕು. ರಾಸಾಯನಿಕದ ಅಲರ್ಜಿಗೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಬೇರೆ ಪರೀಕ್ಷೆ ಬೇಕು. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ಲಕ್ಷಣ ಸ್ಪಷ್ಟವಾಗಿದ್ದರೆ ಅಲರ್ಜಿ ಇಲ್ಲವೆಂದು ಹೇಳಲಾಗದು. ಗವಸಿನ ಬೆರಳು ಕತ್ತರಿಸಿ ಹಾಕಿಕೊಂಡು ಮನೆಯಲ್ಲೇ ಪರೀಕ್ಷೆ ಮಾಡುವ ಸಾಹಸ ಖಂಡಿತ ಬೇಡ.

ಚಿಕಿತ್ಸೆ

ಈ ಅಲರ್ಜಿಯನ್ನು ಬೇರುಸಹಿತ ಕೀಳುವ ಮಾತ್ರೆ ಇಲ್ಲ. ದೂರವಿರುವುದೇ ಚಿಕಿತ್ಸೆ. ಬರೀ ಗಂಧೆ, ತುರಿಕೆಗೆ ಸೆಟ್ರಿಜಿನ್‌ನಂಥ ಮಾತ್ರೆ ಸಾಕಾಗುತ್ತದೆ. ಉಬ್ಬಸವಿರುವವರು ತಮ್ಮ ಇನ್‌ಹೇಲರ್ ಜೊತೆಯಲ್ಲಿಟ್ಟುಕೊಳ್ಳಬೇಕು.

ಆದರೆ ಗಂಟಲು ಬಿಗಿದು, ಉಸಿರಾಟ ಕಷ್ಟವಾಗಿ, ತಲೆ ಸುತ್ತಿ ಕುಸಿಯುವಂತಾದರೆ ಮಾತ್ರೆ ನುಂಗಿ ಕಾಯುತ್ತ ಕೂರಬಾರದು. ಆಗ ಪ್ರಾಣ ಉಳಿಸುವ ಔಷಧ ಒಂದೇ, ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅದು ದುಬಾರಿಯಲ್ಲ, ಚಿಕ್ಕ ದವಾಖಾನೆಯಲ್ಲೂ ಇರಲೇಬೇಕಾದ ಔಷಧ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ವೈದ್ಯರ ಬಳಿಗೆ ಕೂಡಲೇ ಕರೆದೊಯ್ಯಿರಿ. ಅಷ್ಟರವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿ ಇಡಿ. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಲು ಬಿಡಿ, ಎದ್ದು ನಡೆಯಲು ಬಿಡಬೇಡಿ. ಗವಸೋ ಬಲೂನೋ ಮೈಗೆ ತಾಗುತ್ತಿದ್ದರೆ ಮೊದಲು ತೆಗೆದುಹಾಕಿ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಕೆಲವರಿಗೆ ಲಕ್ಷಣಗಳು ಮತ್ತೆ ಮರುಕಳಿಸುತ್ತವೆ.

ಆಸ್ಪತ್ರೆಗೆ ಹೋಗುವಾಗ

ಅಲರ್ಜಿ ಖಚಿತವಾದವರು 'ನನಗೆ ರಬ್ಬರ್ ಲೇಟೆಕ್ಸ್ ಅಲರ್ಜಿ ಇದೆ' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯನ್ನು ಸದಾ ಜೇಬಿನಲ್ಲಿ, ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಳೆಯ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಬೇಕು. ಆಪರೇಷನ್, ಹೆರಿಗೆ, ಹಲ್ಲು ಕೀಳಿಸುವುದು ಏನೇ ಇದ್ದರೂ ಮುಂಚಿತವಾಗಿ ತಿಳಿಸಬೇಕು. ಶಸ್ತ್ರವೈದ್ಯರಿಗಷ್ಟೇ ಹೇಳಿದರೆ ಸಾಲದು, ಅರಿವಳಿಕೆ ವೈದ್ಯರಿಗೂ ಹೇಳಿ. ಪುಡಿ ಗವಸು ಬಳಸುವ ಕಡೆ ದಿನದ ಮೊದಲ ಆಪರೇಷನ್ ನಿಮ್ಮದಾಗಿರಲಿ ಎಂದು ಕೇಳಿಕೊಳ್ಳಿ. ರಾತ್ರಿಯಿಡೀ ಧೂಳು ಕೆಳಗಿಳಿದು ಕೊಠಡಿಯ ಗಾಳಿ ಬೆಳಿಗ್ಗೆ ಸ್ವಚ್ಛವಾಗಿರುತ್ತದೆ. ಮುಂಚೆ ಮಾತ್ರೆ ಕೊಟ್ಟು ರಬ್ಬರ್ ಗವಸನ್ನೇ ಬಳಸುವುದು ಸುರಕ್ಷಿತ ಮಾರ್ಗವಲ್ಲ.

ಮನೆಯಲ್ಲಿ ಪಾತ್ರೆ ತೊಳೆಯಲು ನೈಟ್ರೈಲ್ ಅಥವಾ ವಿನೈಲ್ ಗವಸು ಕೊಳ್ಳಿ. ಪೊಟ್ಟಣದ ಮೇಲಿನ ಬರಹ ಓದಿ. 'ಹೈಪೊಅಲರ್ಜೆನಿಕ್' ಎಂದು ಬರೆದ ಮಾತ್ರಕ್ಕೆ ಅದರಲ್ಲಿ ರಬ್ಬರ್ ಹಾಲಿಲ್ಲ ಎಂದರ್ಥವಲ್ಲ. ರಾಸಾಯನಿಕದ ಅಲರ್ಜಿ ಇರುವವರಿಗೆ ಕೆಲವು ನೈಟ್ರೈಲ್ ಗವಸುಗಳೂ ಆಗುವುದಿಲ್ಲವೆಂಬುದು ನೆನಪಿರಲಿ. ಮಗುವಿಗೆ ಅಲರ್ಜಿ ಇದ್ದರೆ ಶಾಲೆಯ ಶಿಕ್ಷಕರಿಗೂ, ನೆಂಟರಿಷ್ಟರಿಗೂ ತಿಳಿಸಿ. ಹುಟ್ಟುಹಬ್ಬಕ್ಕೆ ರಬ್ಬರ್ ಬಲೂನಿನ ಬದಲು ಬಣ್ಣದ ಕಾಗದದ ತೋರಣ ಕಟ್ಟಿದರೆ ಸಂಭ್ರಮವೇನೂ ಕಡಿಮೆಯಾಗುವುದಿಲ್ಲ.

ನರ್ಸಿಂಗ್ ಓದುತ್ತಿರುವ, ಆಸ್ಪತ್ರೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಒಂದು ಮಾತು. 'ಹೊಸದರಲ್ಲಿ ಹೀಗೇ, ಆಮೇಲೆ ಕೈ ಒಗ್ಗಿಕೊಳ್ಳುತ್ತದೆ' ಎಂದು ಹಿರಿಯರು ಹೇಳಿದರೆ ನಂಬಬೇಡಿ. ಅಲರ್ಜಿ ಒಗ್ಗುವುದಿಲ್ಲ, ತಾಗಿದಷ್ಟೂ ಬಲಿಯುತ್ತದೆ. ಇಂದಿನ ತುರಿಕೆ ನಾಳೆಯ ಉಬ್ಬಸವಾಗಿ, ಕೊನೆಗೆ ಕೆಲಸವನ್ನೇ ಬಿಡಬೇಕಾಗಿ ಬರಬಹುದು. ಬೇರೆ ಗವಸು ಕೇಳುವುದು ನಖರಾ ಅಲ್ಲ. ಅದನ್ನು ಒದಗಿಸುವುದು ಆಡಳಿತದವರ ಹೊಣೆ.

ಕೊನೆಯದಾಗಿ, ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಎರಡೇ. ಪುಡಿ ಹಾಕಿದ ಗವಸನ್ನು ನಿಲ್ಲಿಸಿ. ಕೇಸ್ ಶೀಟಿನಲ್ಲಿ ಪೆನಿಸಿಲಿನ್ ಪಕ್ಕದಲ್ಲಿ 'ರಬ್ಬರ್' ಎಂಬ ಇನ್ನೊಂದು ಪದ ಮುದ್ರಿಸಿ. ಇದಕ್ಕೆ ಹೊಸ ಯಂತ್ರ ಬೇಡ, ತಜ್ಞರು ಬೇಡ. ಓದುಗರಲ್ಲಿ ಕೋರಿಕೆ ಒಂದೇ. ಇಂದು ಸಂಜೆ ಮನೆಮಂದಿಯೆಲ್ಲ ಕೂತಾಗ ಬಲೂನು, ಗವಸು, ಬಾಳೆಹಣ್ಣು ಯಾರಿಗಾದರೂ ತೊಂದರೆ ಕೊಟ್ಟಿದೆಯೇ ಎಂದು ವಿಚಾರಿಸಿ. ಹೌದೆಂದವರು ಮುಂದಿನ ಸಲ ವೈದ್ಯರ ಬಳಿ ಹೋದಾಗ ಮರೆಯದೆ ಹೇಳಲಿ. ಉಳಿದವರು ಈ ವಿಷಯದಲ್ಲಿ ನಿಶ್ಚಿಂತರಾಗಿರಬಹುದು.